ಗಿಡ್ಡ ಹಸುವಿನ ಹೊಟ್ಟೆಯಲ್ಲಿ ಜೆರ್ಸಿ ಕರು

ಮದುವೆಯಾಗಿ ಬಾಳೂರಿನ ಹತ್ತಿರದ ಈ ಮನೆಗೆ ಬಂದ ಹೊಸತರಲ್ಲಿ ಇಲ್ಲಿನ ಹಸುಗಳನ್ನು ಕಂಡು ನನಗೆ ನಗು ಬಂದಿತ್ತು. ನನ್ನ ತವರು ಹಾಸನದ ಕಡೆ. ಅಪ್ಪನ ಹಸುಗಳ ಬೆನ್ನು ನನ್ನ ಭುಜಕ್ಕೆ ಬರುತ್ತಿತ್ತು. ಇಲ್ಲಿನ ಮಲೆನಾಡು ಗಿಡ್ಡ ತಳಿ ನನ್ನ ಸೊಂಟದಷ್ಟೇ ಎತ್ತರ. ಬೆಳಿಗ್ಗೆ ಬಿಟ್ಟರೆ ಗುಡ್ಡ ಹತ್ತಿ ಮೇದು, ಸಂಜೆ ತಾವಾಗಿಯೇ ಇಳಿದು ಬರುತ್ತಿದ್ದವು. ಹಾಲು ಮಾತ್ರ ಹೊತ್ತಿಗೆ ಒಂದು ಲೀಟರು ದಾಟುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆ ಇರಬೇಕು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮನೆಯಲ್ಲಿ ಜೆರ್ಸಿ ಹಸು ಬಕೆಟ್ ತುಂಬ ಹಾಲು ಕರೆಯುವುದನ್ನು ನೋಡಿದ ಮೇಲೆ ನನಗೆ ಅದೇ ಗುಂಗು. ನಮ್ಮ ಕಂದು ಕಡಸು ಬೆದೆಗೆ ಬಂದಾಗ ಅತ್ತೆ ಮಲ್ಲಂದೂರಿನ ಮಗಳ ಮನೆಗೆ ಹೋಗಿದ್ದರು. ಬೈಕಿನಲ್ಲಿ ಬಂದು ಗಬ್ಬದ ಇಂಜೆಕ್ಷನ್ ಕೊಡುವವರನ್ನು ಕರೆಸಿದೆ.

"ಜೆರ್ಸಿ ಬೇಡ ಅಕ್ಕ. ಕರು ದೊಡ್ಡದಾಗಿ ಗಿಡ್ಡಕ್ಕೆ ಮೊದಲನೇ ಸೂಲು ಕಷ್ಟ ಆಗ್ತದೆ," ಎಂದರು ಅವರು. ನಾನು ಹಟ ಹಿಡಿದು ಅದನ್ನೇ ಕೊಡಿಸಿದೆ.

ಗಂಡನಿಗೆ ಹೇಳಿದರೆ, "ಅಮ್ಮನಿಗೆ ನೀನೇ ಹೇಳು," ಎಂದು ಸುಮ್ಮನಾದರು. ನಾನು ಹೇಳಲಿಲ್ಲ. ಗುಡ್ಡದಲ್ಲಿ ಊರ ಹೋರಿಯೇ ಹಾರಿರಬೇಕೆಂದು ಅತ್ತೆ ತಿಳಿದರು. ಹೊಟ್ಟೆ ಎರಡೂ ಪಕ್ಕಕ್ಕೆ ಉಬ್ಬುತ್ತಾ ಹೋದಾಗ, "ಅವಳಿ ಇರ್ಬೇಕು," ಎಂದು ಖುಷಿಪಟ್ಟರು. ನನಗೆ ಊಟ ಸೇರುತ್ತಿರಲಿಲ್ಲ.

ಕಾಫಿ ಕುಯ್ಲಿನ ಒಂದು ಬೆಳಿಗ್ಗೆ ನೋವು ಶುರುವಾಯಿತು. ನೀರು ಒಡೆದು ಗಂಟೆಯಾದರೂ ಹೊರಗೆ ಕಂಡದ್ದು ಒಂದೇ ಕಾಲು. ಅತ್ತೆ ಕುಕ್ಕರಗಾಲಲ್ಲಿ ಕೂತು ಆ ಗೊರಸನ್ನು ಬೆರಳಲ್ಲಿ ಅಳೆದು ನೋಡಿದರು.

"ಇದು ನಮ್ಮ ಹೋರಿ ಕರು ಅಲ್ಲ," ಎಂದರು.

"ಅಲ್ಲ. ಜೆರ್ಸಿ ಇಂಜೆಕ್ಷನ್ ಕೊಡಿಸಿದ್ದೆ."

ಅವರು ನನ್ನ ಮುಖ ನೋಡಲಿಲ್ಲ. "ಜೀಪು ತಗೊಂಡು ಹೋಗ್ಲಿ ಅವನು. ಡಾಕ್ಟ್ರನ್ನ ಕರ್ಕೊಂಡು ಬರ್ಲಿ."

ಗಂಡ ತೋಟದಿಂದ ಓಡಿ ಬಂದು, ಕೆಲಸದ ಬಟ್ಟೆಯಲ್ಲೇ ಜೀಪು ಹತ್ತಿದರು. ಎರಡು ಗಂಟೆ ಅವರ ಸುದ್ದಿಯಿಲ್ಲ. ಹಸು ಏಳುವುದು, ಬೀಳುವುದು, ಗೋಡೆಗೆ ತಲೆ ಒತ್ತುವುದು. ಅತ್ತೆ ಅದರ ಬೆನ್ನು ನೀವುತ್ತಲೇ ಇದ್ದರು. ನನಗೆ ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಬಂದ ಡಾಕ್ಟರು ಆಜಾನುಬಾಹು. ಸೋಪು ಹಚ್ಚಿ, ಕೊಬ್ಬರಿ ಎಣ್ಣೆ ಸವರಿ ಮೂರು ಸಲ ಪ್ರಯತ್ನಿಸಿದರು. ಅವರ ಕೈ ಮುಂಗೈ ದಾಟಿ ಒಳಗೆ ಹೋಗಲಿಲ್ಲ.

"ಇನ್ನೊಂದು ಕಾಲು ಮಂಡಿ ಹತ್ರ ಮಡಿಚಿಕೊಂಡಿದೆ. ನನ್ನ ಕೈ ಹೋಗಲ್ಲ. ಸಣ್ಣ ಕೈ ಬೇಕು," ಎಂದು ನಮ್ಮಿಬ್ಬರನ್ನು ನೋಡಿದರು. ಅತ್ತೆಯ ಬೆರಳುಗಳು ವಾತಕ್ಕೆ ಸೊಟ್ಟಗಾಗಿದ್ದವು.

"ಅವಳು ಹಾಕ್ತಾಳೆ," ಎಂದರು ಅತ್ತೆ.

ಬಳೆ ತೆಗೆದೆ. ಮೊಣಕೈವರೆಗೆ ಒಳಗೆ ಬಿಸಿ. ಹಸು ನೋವಿಗೆ ಮುಕ್ಕಿದಾಗಲೆಲ್ಲ ನನ್ನ ತೋಳು ಕಲ್ಲಿನ ನಡುವೆ ಸಿಕ್ಕಂತೆ ನಜ್ಜಾಗುತ್ತಿತ್ತು.

"ಮೂತಿ ಸಿಕ್ತಾ? ಬಾಯೊಳಗೆ ಬೆರಳಿಡಿ," ಎಂದರು ಡಾಕ್ಟರು.

ಇಟ್ಟೆ. ಏನೂ ಇಲ್ಲ. ಆಮೇಲೆ ನಾಲಿಗೆ ನನ್ನ ಬೆರಳನ್ನು ಮೆಲ್ಲಗೆ ಚೀಪಿತು.

"ಜೀವ ಇದೆ," ಎಂದೆ.

"ಸರಿ. ಮುಕ್ಕೋದು ನಿಂತಾಗ ಕರುನ ಹಿಂದಕ್ಕೆ ತಳ್ಳಿ. ಗೊರಸನ್ನ ಅಂಗೈಯಲ್ಲಿ ಪೂರ್ತಿ ಮುಚ್ಕೊಂಡು ಎಳೀರಿ. ಗೊರಸು ತಾಗಿದ್ರೆ ಗರ್ಭಕೋಶ ಹರಿಯತ್ತೆ, ಎರಡೂ ಉಳಿಯಲ್ಲ."

ಎರಡು ಸಲ ಜಾರಿತು. ತೋಳು ಮರಗಟ್ಟಿತ್ತು. ಅತ್ತೆ ಹಿಂದಿನಿಂದ ಬಂದು ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದರು. ಮೂರನೇ ಸಲ ಗೊರಸು ಅಂಗೈಗೆ ಬಂತು. ಉಸಿರು ಬಿಗಿಹಿಡಿದು ಈಚೆಗೆ ಎಳೆದೆ. ಕಾಲು ನೇರವಾಯಿತು. ಆಮೇಲೆ ಹಗ್ಗ ಕಟ್ಟಿ, ಹಸು ಮುಕ್ಕಿದಾಗ ಮಾತ್ರ, ಡಾಕ್ಟರು ಮತ್ತು ನನ್ನ ಗಂಡ ಎಳೆದರು. ಉದ್ದ ಕಾಲಿನ ಹೆಣ್ಣು ಕರು, ತಾಯಿಯ ಅರ್ಧದಷ್ಟು ದೊಡ್ಡದು, ಹುಲ್ಲಿನ ಮೇಲೆ ಜಾರಿ ಬಿತ್ತು.

ತಾಯಿ ಏಳಲಿಲ್ಲ. ಹಿಂಗಾಲಿನ ನರಕ್ಕೆ ಪೆಟ್ಟಾಗಿದೆ, ಎದ್ದರೆ ನಾಲ್ಕೈದು ದಿನದಲ್ಲಿ ಎದ್ದೀತು ಎಂದು ಹೇಳಿ ಡಾಕ್ಟರು ಹೊರಟರು. ದಿನಕ್ಕೆ ಹತ್ತು ಸಲ ನಾನೂ ಅತ್ತೆಯೂ ಅದನ್ನು ಮಗ್ಗುಲು ಬದಲಿಸಿ ಮಲಗಿಸಿದೆವು. ಎರಡನೇ ದಿನ ಹುಲ್ಲು ಹಾಸುತ್ತಾ ಅತ್ತೆ ಕೇಳಿದರು.

"ನನ್ನ ಹತ್ರ ಹೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಹೇಳ್ಲಿಲ್ಲ ಅಲ್ವಾ?"

"ಹೌದು."

"ಅವಳಿ ಅವಳಿ ಅಂತ ನಾನು ಊರಿಗೆಲ್ಲ ಹೇಳ್ಕೊಂಡು ತಿರುಗ್ದೆ. ಆಗಾದ್ರೂ ಹೇಳ್ಬಹುದಿತ್ತು ನೀನು."

ಅವರು ಹಸುವಿನ ಕಾಲು ತೋರಿಸಿ, "ಆ ಕಡೆ ಹಿಡ್ಕೋ," ಎಂದರು.

ನಾಲ್ಕನೇ ದಿನ ಕಾಫಿ ಗೋಣಿಯನ್ನು ಹೊಟ್ಟೆಯಡಿ ಕೊಟ್ಟು ನಾಲ್ವರು ಎತ್ತಿದಾಗ ಅದು ನಿಂತಿತು. ತೊಡೆ ಗಡಗಡ ನಡುಗುತ್ತಿತ್ತು, ಆದರೂ ನಿಂತಿತು. ಆಮೇಲೆ ಎಂದೂ ಅದು ಗಬ್ಬ ಕಟ್ಟಲಿಲ್ಲ. ಹಿಂಗಾಲು ಎಳೆದುಕೊಂಡೇ ಗುಡ್ಡ ಹತ್ತುತ್ತಿತ್ತು, ಎಲ್ಲಕ್ಕಿಂತ ಕೊನೆಗೆ ಮನೆ ಸೇರುತ್ತಿತ್ತು. ಅದು ಬರುವತನಕ ಅತ್ತೆ ಕೊಟ್ಟಿಗೆಯ ಬಾಗಿಲು ಹಾಕಲು ಬಿಡುತ್ತಿರಲಿಲ್ಲ.