ಕೆಂಪಿನವನಿಗಾಗಿ ಬಿಚ್ಚಿದ ಟವೆಲ್

ಕಳೆದ ಫೆಬ್ರುವರಿಯ ಒಂದು ಸೋಮವಾರ, ಮಧ್ಯಾಹ್ನ ಹನ್ನೆರಡಕ್ಕೆ, ನಾನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತಕ್ಕಡಿಯಿಂದ ಮೂರು ಹೆಜ್ಜೆ ದೂರ ನಿಂತಿದ್ದೆ. ಅಲ್ಲಿನ ಹಮಾಲ ಬಿಡುವಾದಾಗಲೆಲ್ಲ ಮೊಬೈಲಿನಲ್ಲಿ ಜಪಾನಿನ ಐವರು ವೀರರ ಧಾರಾವಾಹಿ ನೋಡುತ್ತಿದ್ದ. ಕೆಂಪು ವೇಷದವನೆಂದರೆ ಅವನಿಗೆ ಪ್ರಾಣ. ಚೀಲ ಎತ್ತುವಾಗಲೂ ‘ಕೆಂಪು ಸೋಲೂದಿಲ್ಲರಿ’ ಎನ್ನುತ್ತಿದ್ದ.

ಆ ದಿನದ ಕಂತಿನಲ್ಲಿ ಕೆಂಪಿನವನು ಸತ್ತ. ಮೆಣಸಿನಕಾಯಿಯ ಘಾಟು ತಡೆಯಲೆಂದು ಮುಖಕ್ಕೆ ಕಟ್ಟಿದ್ದ ಟವೆಲ್ಲನ್ನು ಹಮಾಲ ಗೌರವಕ್ಕೆ ಬಿಚ್ಚಿದ.

‘ನೀವೂ ಬಿಚ್ರಿ, ಒಂದ ನಿಮಿಷ. ನಮ್ಮಾಂವ ಹೋದ!’

‘ಲೇ, ಅದು ಸೀರಿಯಲ್ ಐತೋ,’ ಎನ್ನುತ್ತಲೇ ತೂಕ ಬರೆಯುವ ಗುಮಾಸ್ತರೂ ಬಿಚ್ಚಿದರು, ನಾವೂ ಬಿಚ್ಚಿದೆವು. ಎಲ್ಲರ ಕಣ್ಣು, ಮೂಗು ಸುರಿದವು.

‘ಯಪ್ಪಾ, ಒಬ್ಬರ ಕಣ್ಣೂ ಒಣಗಿಲ್ಲ ನೋಡ್ರಿ!’ ಎಂದು ಅವನು ಸಮಾಧಾನಗೊಂಡ.

ಇದನ್ನು ಕಂಡ ಗುಮಾಸ್ತರೂ ಪಕ್ಕದಲ್ಲೇ ಚಹಾ ಮಾರುವ ಅಜ್ಜಿಯೂ ಇನ್ನೂ ಇದ್ದಾರೆ. ಕೆಂಪಿನವನೂ ಇದ್ದಾನೆ, ಮುಂದಿನ ವಾರವೇ ಎದ್ದು ಕುಳಿತ.