ಹಿಂದಿನ ಸಾಲಿನ ಗುಬ್ಬಿ

ನಮ್ಮನೆಯವರಿಗೆ ಸಿಟ್ಟು ಬರಲ್ಲ. ಜನ ಇದನ್ನ ದೊಡ್ಡ ಗುಣ ಅಂತ ಹೊಗಳ್ತಾರೆ. ಹೊಗಳೋರು ಅವರ ಜೊತೆ ಹದಿನಾಲ್ಕು ವರ್ಷ ಸಂಸಾರ ಮಾಡಿ ನೋಡಲಿ, ಆಮೇಲೆ ಮಾತಾಡಲಿ. ಸಿಟ್ಟೇ ಬಾರದ ಗಂಡನ ಹತ್ತಿರ ಜಗಳ ಆಡೋದು ಅಂದ್ರೆ ಗೋಡೆಗೆ ಚೆಂಡು ಎಸೆದ ಹಾಗೆ. ಎಸೆದಿದ್ದು ನಮ್ಮ ಮುಖಕ್ಕೇ ವಾಪಸ್ಸು ಬರುತ್ತೆ.

ಅವರು ಬಸ್ ಡಿಪೋದಲ್ಲಿ ಡ್ಯೂಟಿ ಗುಮಾಸ್ತರು. ನಾಳೆ ಯಾವ ಡ್ರೈವರು ಯಾವ ರೂಟಿಗೆ ಹೋಗಬೇಕು ಅಂತ ತೀರ್ಮಾನ ಮಾಡೋದು ಅವರ ಕೆಲಸ. ಅವರ ಕೋಣೆ ಹೊರಗೆ ಗೋಡೆ ಉದ್ದಕ್ಕೂ ಒಂದು ಹಲಗೆ ಇದೆ. ಅದರಲ್ಲಿ ರೂಟಿಗೆ ಇಷ್ಟು ಅಂತ ಮೊಳೆ, ಡ್ರೈವರಿಗೊಂದು ತಗಡಿನ ಬಿಲ್ಲೆ. ಮಧ್ಯಾಹ್ನ ಮೂರಕ್ಕೆ ಎಂಬತ್ತಾರು ಬಿಲ್ಲೆ ಇಳಿಸಿ, ಒಂದೊಂದನ್ನೇ ಕೈಯಲ್ಲಿ ಹಿಡಿದು ಯೋಚಿಸಿ, ಮಾರನೇ ದಿನಕ್ಕೆ ಮೊಳೆಗೆ ಹಾಕ್ತಾರೆ. ಯಾರಿಗೆ ಸೊಂಟ ನೋವು, ಯಾರ ಮಗಳಿಗೆ ಪರೀಕ್ಷೆ, ಯಾರು ಯಾವ ಕಂಡಕ್ಟರ್ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲಾ ಅವರ ತಲೆಯಲ್ಲಿದೆ. ಅಷ್ಟರ ಮಟ್ಟಿಗೆ ಡಿಪೋದವರು ಅವರನ್ನ ಹೊಗಳೋದು ಸುಳ್ಳಲ್ಲ.

ನನ್ನದು ಅರವತ್ತನಾಲ್ಕನೇ ಬಿಲ್ಲೆ. ಹೌದು, ನಾನೂ ಅದೇ ಡಿಪೋದ ಡ್ರೈವರು, ಅಲ್ಲಿರೋ ಒಬ್ಬಳೇ ಹೆಂಗಸು. ಆರು ವರ್ಷದಿಂದ ನನ್ನ ಬಿಲ್ಲೆ ಒಂದೇ ಮೊಳೆಗೆ ಜೋತು ಬಿದ್ದಿದೆ, ಆಸ್ಪತ್ರೆ ಸುತ್ತು. ಸ್ಟೇಷನ್ನಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಸ್ಟೇಷನ್ನು, ನಾಲ್ಕು ಕಿಲೋಮೀಟರು, ದಿನಕ್ಕೆ ಇಪ್ಪತ್ತೆರಡು ಸಲ. ಮೂರನೇ ಗೇರು ಹಾಕಿದ ದಿನ ನನಗೆ ಹಬ್ಬ. ಡಿಪೋದಲ್ಲಿ ನನಗೆ 'ಗಾಣದ ಮೇಡಂ' ಅಂತ ಹೆಸರಿಟ್ಟಿದ್ದಾರೆ.

"ಯಾಕ್ರೀ ನನಗೆ ದೂರದ ರೂಟು ಕೊಡಲ್ಲ?" ಅಂತ ಮೊದಲನೇ ವರ್ಷವೇ ಕೇಳಿದ್ದೆ.

"ಮೇಲಿಂದ ಆರ್ಡರ್ ಇದೆ ಕಣೇ. ಹೆಂಗಸರಿಗೆ ಊರೊಳಗಿನ ರೂಟೇ ಕೊಡಬೇಕಂತೆ."

ನಾನು ನಂಬಿದೆ. ಸಿಟ್ಟೇ ಬಾರದ ಮನುಷ್ಯ ಸುಳ್ಳು ಹೇಳ್ತಾನೆ ಅಂತ ಯಾರಿಗೆ ಹೊಳೆಯುತ್ತೆ?

ಒಂದು ಸಲ ಇವರಿಗೆ ಜ್ವರ ಬಂದು ಮೂರು ದಿನ ಮಲಗಿದ್ರು. ಹಲಗೆಯ ಕೆಲಸ ಸ್ಟೋರ್‌ಕೀಪರ್ ನೋಡಿಕೊಂಡ. ಆ ಪುಣ್ಯಾತ್ಮ ಹಿಂದೆ ಮುಂದೆ ನೋಡದೆ ನನ್ನನ್ನ ಬೆಟ್ಟದ ರೂಟಿಗೆ ಹಾಕಿಬಿಟ್ಟ. ಹತ್ತೊಂಬತ್ತು ತಿರುವು, ಹಿಂದೆ ಐವತ್ತೆರಡು ಜನ. ಸ್ಟೀರಿಂಗ್ ಪೂರ್ತಿ ಎಳೆದು, ಕ್ಲಚ್ಚು ಅರ್ಧ ಬಿಟ್ಟು, ಬಸ್ಸಿನ ಮೂತಿ ಬಂಡೆಗೆ ಒಂದು ಮೊಳ ದೂರದಲ್ಲಿ ತಿರುಗಿದಾಗ ನನ್ನ ಮೈಯೆಲ್ಲ ಎಚ್ಚರ ಆಗಿತ್ತು. ಮೇಲೆ ಹೋಗಿ ನಿಲ್ಲಿಸಿದಾಗ ಒಬ್ಬ ಮುದುಕಿ ಇಳೀತಾ, "ಕಣ್ಣು ಮುಚ್ಚಿಕೊಂಡು ಕೂತಿದ್ದೆ ಕಣವ್ವ, ಎಷ್ಟು ಹೊತ್ತಿಗೆ ಬಂತು ಗೊತ್ತೇ ಆಗಲಿಲ್ಲ" ಅಂದಳು. ಅಷ್ಟೇ ಹೇಳಿದ್ದು, ನಾನು ಮೂರು ದಿನ ನೆಲದ ಮೇಲೆ ನಡೀಲಿಲ್ಲ. ನಾಲ್ಕನೇ ದಿನ ಇವರ ಜ್ವರ ಇಳೀತು. ನಾನು ಗಾಣಕ್ಕೆ ವಾಪಸ್ಸು.

ಇನ್ನು ಇವರ ಆಟದ ವಿಷಯ. ಸಂಜೆ ಆರಕ್ಕೆ ಮನೆಗೆ ಬಂದು, ಕೈಕಾಲು ತೊಳೆದು, ಟಿವಿಗೆ ಗೇಮ್ ಜೋಡಿಸಿ ಕೂತರೆ ಎಂಟರವರೆಗೆ ಮನೆ ಹತ್ತಿಕೊಂಡು ಉರಿದರೂ ಏಳಲ್ಲ. ಗುಂಡು ಹಾರಿಸೋ ಆಟ, ಕಾರು ಓಡಿಸೋ ಆಟ ಮುಟ್ಟಲ್ಲ. ಇವರದ್ದು ಚೌಕ ಚೌಕ ನೆಲದ ಮೇಲೆ ಸೈನಿಕರನ್ನ ಒಂದೊಂದು ಹೆಜ್ಜೆ ನಡೆಸೋ ಯುದ್ಧ. "ಇಲ್ಲಿ ಯಾರಿಗೂ ಅವಸರ ಇಲ್ಲ ನೋಡು. ನನ್ನ ಸರದಿ ಬಂದಾಗ ಶತ್ರು ಕೂಡ ಕೈಕಟ್ಟಿ ಕಾಯ್ತಾನೆ" ಅಂತಾರೆ. ಡಿಪೋದಲ್ಲಿ ಒಬ್ಬರ ಬಾಯಿ ಮುಚ್ಚೋ ಮೊದಲು ಇನ್ನೊಬ್ಬರ ಬಾಯಿ ತೆರೆಯುತ್ತೆ. ಆ ಮನುಷ್ಯನಿಗೆ ಇದು ಎಷ್ಟು ಹಾಯೆನಿಸುತ್ತೋ ನನಗೂ ಅರ್ಥ ಆಗುತ್ತೆ.

ಮೂರು ಆಟ ಅವರಿಗೆ ಪ್ರಾಣ. ಒಂದು ಕೋಟೆ ಆಟ. ಮಾಳಿಗೆ ಮೇಲೆ ನಿಂತ ಬಿಲ್ಲುಗಾರನ ಬಾಣ ದೂರ ಹೋಗುತ್ತೆ, ಹಳ್ಳದಲ್ಲಿ ನಿಂತವನದ್ದು ಹೋಗಲ್ಲ. ಹಾಗಾಗಿ ನೆಲದ ಏರುತಗ್ಗು ನೋಡೋದರಲ್ಲೇ ಅರ್ಧ ಗಂಟೆ ಕಳೀತಾರೆ. ಇನ್ನೊಂದು ಯಂತ್ರಗಳ ಆಟ. ಕೈ ಮುರಿದರೆ ಕೈ ಬದಲಾಯಿಸಬಹುದು, ಆದರೆ ತೂಕ ಜಾಸ್ತಿ ಆದರೆ ಯಂತ್ರ ನಡೆಯೋದು ನಿಧಾನ. ಮೂರನೇದು ಕೂಲಿ ಸೈನಿಕರ ಆಟ, ಅದೇ ಅವರ ಕಣ್ಣಿನ ಬೊಂಬೆ. ಅಲ್ಲಿ ಬರೋರೆಲ್ಲ ಏನೂ ಬಾರದ ಹಸಿ ಜನ. ನಾವೇ ಹೆಸರಿಡಬೇಕು, ನಾವೇ ಯುದ್ಧಕ್ಕೆ ಕಳಿಸಬೇಕು. ಹೊಡೆದಾಡಿದವನು ಕಲೀತಾನೆ, ಅವನ ಲೆವೆಲ್ ಏರುತ್ತೆ, ಹೊಸ ವಿದ್ಯೆ ಬರುತ್ತೆ. ಸತ್ತವನು ಸತ್ತ ಹಾಗೇ. ಹಿಂದೆ ಹೋಗಿ ಸರಿ ಮಾಡೋಕೆ ದಾರಿಯೇ ಇಲ್ಲ.

"ಆಮೇಲೇನು ಮಜಾ?" ಅಂತ ಕೇಳಿದ್ದೆ.

"ಅದೇ ಮಜಾ. ವಾಪಸ್ಸು ತಗೊಳ್ಳೋಕೆ ಆಗಲ್ಲ ಅಂತ ಗೊತ್ತಿದ್ರೆ ಒಂದು ಹೆಜ್ಜೆ ಇಡೋಕೂ ಎದೆ ಡವಗುಟ್ಟುತ್ತೆ."

ಸೈನಿಕರ ಹೆಸರು ಕೇಳಿದರೆ ಮಾತ್ರ ನಗು ತಡೆಯೋಕಾಗಲ್ಲ. ನಮ್ಮತ್ತೆ ಅಲ್ಲಿ ಗುರಾಣಿ ಹಿಡಿದು ಮುಂದಿನ ಸಾಲಿನಲ್ಲಿ ನಿಂತಿದ್ದಾರೆ, ಎಷ್ಟು ಏಟು ಬಿದ್ದರೂ ಸಾಯಲ್ಲ. ಡಿಪೋದಲ್ಲಿ ನಿಂತಲ್ಲೇ ಗೊರಕೆ ಹೊಡೆಯೋ ಬೆಟ್ಟದ ರೂಟಿನ ಡ್ರೈವರು ಅಲ್ಲಿ ದೊಡ್ಡ ಕತ್ತಿವೀರ, ಹೆಸರೂ 'ಗೊರಕೆ'ಯೇ. ನಾನೂ ಇದ್ದೆ, ಈಟಿ ಹಿಡಿದ 'ಗುಬ್ಬಿ'. ಮನೆಯಲ್ಲಿ ಇವರು ನನ್ನನ್ನ ಕರೆಯೋದು ಹಾಗೆ. ಗುಬ್ಬಿ ಎಲ್ಲಿ ನಿಲ್ತಾಳೆ, ಏನು ಮಾಡ್ತಾಳೆ ಅಂತ ನಾನು ಯಾವತ್ತೂ ಗಮನಿಸಿರಲಿಲ್ಲ.

ಈ ತಿಂಗಳು ಡಿಪೋದಲ್ಲಿ ನೋಟೀಸ್ ಹಚ್ಚಿದ್ರು, ದೂರದೂರಿನ ಬಸ್ಸುಗಳಿಗೆ ಡ್ರೈವರುಗಳ ಆಯ್ಕೆ ಅಂತ. ಮೂರು ವರ್ಷಕ್ಕೊಮ್ಮೆ ಬರೋದು. ನಾನು ಅರ್ಜಿ ಹಾಕಿದೆ. ಶುಕ್ರವಾರ ಸಂಜೆ ಮ್ಯಾನೇಜರು ಕರೆದ್ರು.

"ಏನಮ್ಮಾ, ದೂರದ ಡ್ಯೂಟಿ ಅರವತ್ತು ಆಗಿರಬೇಕು. ನಿಮ್ಮದು ಮೂರೇ ಇದೆಯಲ್ಲ."

"ಹೆಂಗಸರಿಗೆ ಕೊಡಬಾರದು ಅಂತ ಆರ್ಡರ್ ಇದೆಯಲ್ಲ ಸಾರ್."

"ಯಾವ ಆರ್ಡರ್? ಯಾರು ಹೇಳಿದ್ದು?" ಅಂದ್ರು. ಆಮೇಲೆ ಅವರಿಗೇ ಹೊಳೆದು, ಕನ್ನಡಕ ತೆಗೆದು ಒರೆಸೋಕೆ ಶುರು ಮಾಡಿದ್ರು. "ನಿಮ್ಮ ಯಜಮಾನರನ್ನೇ ಕೇಳಿಕೊಳ್ಳಿ. ಒಂದು ಕೆಲಸ ಮಾಡಿ. ಈ ತಿಂಗಳು ಮುಗಿಯೋದರೊಳಗೆ ಬೆಟ್ಟದ ರೂಟಲ್ಲಿ ಆರು ಡ್ಯೂಟಿ ಮಾಡಿ ತೋರಿಸಿ, ಅರವತ್ತು ಇಲ್ಲದಿದ್ರೂ ನಾನು ಶಿಫಾರಸು ಬರೀತೀನಿ. ಆರು ಅಂದ್ರೆ ಆರು. ಐದು ಮಾಡಿ ನನ್ನ ಮುಂದೆ ಬಂದು ನಿಲ್ಲಬೇಡಿ."

ಶನಿವಾರದ ಬಿಲ್ಲೆ ಆಗಲೇ ಆಸ್ಪತ್ರೆ ಸುತ್ತಿಗೆ ಹಾಕಿಯಾಗಿತ್ತು. ಭಾನುವಾರ ನನಗೆ ರಜೆ. ಸೋಮವಾರದಿಂದ ತಿಂಗಳ ಕೊನೆಯ ದಿನವಾದ ಶನಿವಾರದವರೆಗೆ ಲೆಕ್ಕ ಹಾಕಿದರೆ ಸರಿಯಾಗಿ ಆರು ದಿನ. ಒಂದು ದಿನ ತಪ್ಪಿದರೆ ಇನ್ನು ಮೂರು ವರ್ಷ ಕಾಯಬೇಕು.

ಮನೆಗೆ ಬಂದವಳೇ ಟಿವಿ ಆರಿಸಿ ಮುಂದೆ ನಿಂತೆ. "ಆರ್ಡರ್ ತೋರಿಸ್ರೀ."

ಆರ್ಡರೇ ಇಲ್ಲ ಅಂತ ಒಪ್ಪಿಕೊಂಡ್ರು. ಆಮೇಲೆ ಹೇಳಿದ್ದು ಕೇಳಿ ನನಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಆರು ವರ್ಷದ ಕೆಳಗೆ, ನಾನು ಕೆಲಸಕ್ಕೆ ಸೇರಿದ ವಾರವೇ, ಕೂಲಿ ಸೈನಿಕರ ಆಟದಲ್ಲಿ ಗುಬ್ಬಿಯನ್ನ ಮುಂದೆ ಕಳಿಸಿದ್ರಂತೆ. ಗುರಿ ತಾಗೋ ಸಾಧ್ಯತೆ ನೂರಕ್ಕೆ ತೊಂಬತ್ತೈದು ಅಂತ ಪರದೆ ಮೇಲೆ ಬರೆದಿತ್ತಂತೆ. ತಪ್ಪಿತು. ಗುಬ್ಬಿ ಸತ್ತಳು. "ತೊಂಬತ್ತೈದಕ್ಕೇ ಹೀಗಾದ್ರೆ, ಆ ಬೆಟ್ಟ... ಮಾರನೇ ದಿನ ನಿನ್ನ ಬಿಲ್ಲೆ ಕೈಗೆ ಬಂದಾಗ ಆ ಮೊಳೆ ಕಡೆ ಕೈ ಹೋಗಲೇ ಇಲ್ಲ" ಅಂದ್ರು.

"ಅಯ್ಯೋ ನಿಮ್ಮ! ಟಿವಿಯಲ್ಲಿ ಯಾವಳೋ ಸತ್ತಿದ್ದಕ್ಕೆ ನನಗೆ ಆರು ವರ್ಷ ಆಸ್ಪತ್ರೆ ಸುತ್ತಾ? ಗೊರಕೆ ಹೊಡೆಯೋನನ್ನ ಬೆಟ್ಟಕ್ಕೆ ಕಳಿಸ್ತೀರಿ, ಎಚ್ಚರ ಇರೋಳನ್ನ ಗಾಣಕ್ಕೆ ಕಟ್ತೀರಿ!"

"ನೋಡೋಣ ಕಣೇ" ಅಂದ್ರು. ಈ 'ನೋಡೋಣ' ಕೇಳಿದರೆ ನನ್ನ ಮೈ ಉರಿಯುತ್ತೆ. ಶನಿವಾರ ಸಂಜೆ ಹಲಗೆ ನೋಡಿದೆ. ಭಾನುವಾರ ರಜೆ ಇರೋರ ಬಿಲ್ಲೆಯನ್ನ ಶನಿವಾರವೇ ಸೋಮವಾರಕ್ಕೆ ಹಾಕಿಡ್ತಾರೆ. ಅರವತ್ತನಾಲ್ಕು ಮತ್ತೆ ಆಸ್ಪತ್ರೆ ಸುತ್ತಿನ ಮೊಳೆಯಲ್ಲೇ.

ಭಾನುವಾರ ಮಧ್ಯಾಹ್ನ ನಾನು ಮಾತು ಬಿಟ್ಟು ಬಟ್ಟೆ ಮಡಿಸ್ತಾ ಕೂತಿದ್ದೆ. ಇವರು ಹೊಸದಾಗಿ ಶುರು ಮಾಡಿ, ಮತ್ತೊಬ್ಬಳು ಗುಬ್ಬಿಯನ್ನ ಸೇರಿಸಿಕೊಂಡು ಹನ್ನೊಂದು ತಿಂಗಳಿಂದ ಆಡ್ತಿದ್ದ ಕೂಲಿ ಸೈನಿಕರ ಆಟದ ಕೊನೇ ಯುದ್ಧಕ್ಕೆ ಬಂದಿದ್ರು. ಗೊರಕೆ ಬಿದ್ದ. ಸ್ಟೋರ್‌ಕೀಪರ್ ಬಿದ್ದ. ನಮ್ಮತ್ತೆ ಮಾತ್ರ ಒಡೆದ ಗುರಾಣಿ ಹಿಡಿದು ನಿಂತಿದ್ರು. ನಿಜವಾದ ಅತ್ತೆ ಪಕ್ಕದಲ್ಲೇ ಕೂತು, "ನಾನು ಇದೀನಿ ತಾನೇ?" ಅಂತ ಗಳಿಗೆಗೊಮ್ಮೆ ವಿಚಾರಿಸ್ತಿದ್ರು. ಶತ್ರುಗಳ ಸೇನಾಪತಿಗೆ ಇನ್ನೊಂದೇ ಏಟು ಸಾಕಿತ್ತು. ಅತ್ತೆ ಕೈಯಲ್ಲಿ ಗುರಾಣಿ ಬಿಟ್ಟರೆ ಆಯುಧ ಇಲ್ಲ. ಹೊಡೆಯೋಕೆ ಉಳಿದವಳು ಒಬ್ಬಳೇ, ಗೋಡೆ ಹಿಂದೆ ನಿಂತಿದ್ದ ಗುಬ್ಬಿ.

ನಾನು ಬಟ್ಟೆ ಬಿಟ್ಟು ಎದ್ದು ಬಂದೆ. ಮಿಕ್ಕವರೆಲ್ಲ ಹದಿನೆಂಟನೇ ಲೆವೆಲ್, ಇಪ್ಪತ್ತನೇ ಲೆವೆಲ್. ಗುಬ್ಬಿ ಮೂರು. ಒಂದು ಯುದ್ಧದಲ್ಲೂ ಗೋಡೆ ದಾಟಿಲ್ಲ, ಬಟ್ಟೆ ಮೇಲೆ ಒಂದು ಕಲೆ ಇಲ್ಲ. ಇವರು ಸೇನಾಪತಿಯ ಕಡೆ ಈಟಿ ತೋರಿಸಿದಾಗ ಪರದೆ ಮೇಲೆ ಬಂತು, ನೂರಕ್ಕೆ ಮೂವತ್ತೊಂದು.

ಇವರು ಹತ್ತು ನಿಮಿಷ ಅಲ್ಲಾಡಲಿಲ್ಲ. ಆಮೇಲೆ, "ಹಿಂದಕ್ಕೆ ಕರೆಸಿಬಿಡ್ತೀನಿ. ಆಟ ಸೋತರೆ ಸೋಲಲಿ" ಅಂದ್ರು.

"ಅವಳು ಗೊರಕೆ ಥರ ಇಪ್ಪತ್ತನೇ ಲೆವೆಲ್ ಆಗಿದ್ರೆ ಎಷ್ಟು ತೋರಿಸ್ತಿತ್ತು?"

"ತೊಂಬತ್ತರ ಮೇಲೆ."

"ಮತ್ಯಾಕೆ ಆಗಲಿಲ್ಲ?"

ಅವರು ಈಟಿಯ ಗುರಿ ಪಕ್ಕಕ್ಕೆ ಸರಿಸಿ ಮತ್ತೆ ವಾಪಸ್ಸು ತಂದ್ರು.

"ಹೇಳ್ರೀ. ಅವಳಿಗೇನು ಕೈ ಇರಲಿಲ್ವಾ? ಈಟಿ ಇರಲಿಲ್ವಾ? ಅವಳು ಈವತ್ತು ಸತ್ರೆ ಆ ಸೇನಾಪತಿ ಕೊಂದಿದ್ದಲ್ಲ. ಹನ್ನೊಂದು ತಿಂಗಳು ಗೋಡೆ ಹಿಂದೆ ನಿಲ್ಲಿಸಿ ನೀವೇ ಕೊಂದಿದ್ದು."

ಅತ್ತೆ ಟಿವಿ ಬಿಟ್ಟು ಮಗನ ಮುಖ ನೋಡಿದ್ರು. ಇವರು ಕಣ್ಣು ಮುಚ್ಚಿ ಗುಂಡಿ ಒತ್ತಿದ್ರು. ಈಟಿ ಪಕ್ಕಕ್ಕೆ ಹೋಯ್ತು. ಸೇನಾಪತಿ ತಿರುಗಿ ಒಂದೇ ಒಂದು ಏಟು ಕೊಟ್ಟ. ಗುಬ್ಬಿ ಅನ್ನೋ ಹೆಸರು ಬೂದಿ ಬಣ್ಣಕ್ಕೆ ತಿರುಗಿತು. ಇವರು ಎದ್ದು ಹಿತ್ತಿಲ ಬಾಗಿಲಲ್ಲಿ ಹೋಗಿ ನಿಂತುಕೊಂಡ್ರು, ಊಟಕ್ಕೆ ಕರೆದರೂ ಬರಲಿಲ್ಲ. ಅಯ್ಯೋ ಪಾಪ ಅನ್ನಿಸಿತು, ಅದರ ಜೊತೆಗೇ ಹಾಳು ಸಿಟ್ಟೂ ಬಂತು.

ಸೋಮವಾರ ಬೆಳಿಗ್ಗೆ ಐದೂವರೆಗೆ ಇವರೂ ನನ್ನ ಜೊತೆ ಡಿಪೋಗೆ ಹೊರಟರು. ಇವರ ಕೆಲಸ ಶುರುವಾಗೋದು ಹತ್ತಕ್ಕೆ. ಹಲಗೆ ಮುಂದೆ ನಿಂತು ನನ್ನ ಬಿಲ್ಲೆ ತೆಗೆದು ಕೈಯಲ್ಲಿ ಹಿಡಿದರು, ಅಷ್ಟೇ. ನಿಂತ ಹಾಗೇ ನಿಂತುಬಿಟ್ಟರು. ಹಿಂದೆ ಡ್ರೈವರುಗಳು ಸಾಲು ನಿಂತು ಗೊಣಗೋಕೆ ಶುರು ಮಾಡಿದ್ರು. ನನಗೆ ತಡೆಯಲಿಲ್ಲ. ಕೈಯಿಂದ ಬಿಲ್ಲೆ ಕಿತ್ತುಕೊಂಡೆ, ಬೆಟ್ಟದ ಮೊಳೆಯಿಂದ ಗೊರಕೆಯ ಬಿಲ್ಲೆ ತೆಗೆದು ಆಸ್ಪತ್ರೆ ಸುತ್ತಿಗೆ ಹಾಕಿದೆ, ನನ್ನದನ್ನ ಅಲ್ಲಿ ಹಾಕಿದೆ. ಇಬ್ಬರು ಡ್ರೈವರು ಒಪ್ಪಿ, ಗುಮಾಸ್ತರು ಬೇಡ ಅನ್ನದಿದ್ದರೆ ಡ್ಯೂಟಿ ಅದಲುಬದಲು ಮಾಡಿಕೊಳ್ಳಬಹುದು.

"ಏನಣ್ಣಾ, ಒಪ್ಪಿಗೆ ತಾನೇ?" ಅಂತ ಗೊರಕೆಯನ್ನ ಕೇಳಿದೆ.

"ಆಸ್ಪತ್ರೆ ಸುತ್ತಾ? ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ, ಟ್ರಿಪ್ಪಿಗೊಂದು ನಿದ್ದೆ ಮಾಡಬಹುದು" ಅಂದ.

ಎಲ್ಲರೂ ನಕ್ಕರು. ನಮ್ಮನೆಯವರು ನಗಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾನು ಬಸ್ಸು ಹತ್ತುವಾಗ ಕಿಟಕಿ ಹತ್ತಿರ ಬಂದು, "ಎಂಟನೇ ತಿರುವಲ್ಲಿ ಮೊದಲೇ ಎರಡನೇ ಗೇರಿಗೆ ತಗೋ" ಅಂದ್ರು.

"ಗೊತ್ತು ರೀ!"

ಸಂಜೆ ವಾಪಸ್ಸು ಬಂದಾಗ ಗೇಟಿನ ಹತ್ತಿರ ನಿಂತಿದ್ರು. ಬಸ್ಸಿನ ಸುತ್ತ ಒಂದು ಸುತ್ತು ಬಂದು, ಎಲ್ಲಾದರೂ ಗೀರು ಬಿದ್ದಿದೆಯಾ ಅಂತ ನೋಡಿ, ನನ್ನ ಮುಖ ನೋಡಿದ್ರು. ಸರಿ, ಬುದ್ಧಿ ಬಂತು ಅಂದುಕೊಂಡೆ. ಹಲಗೆ ಹತ್ತಿರ ಹೋದರೆ ಮಂಗಳವಾರಕ್ಕೆ ಮತ್ತೆ ಅದೇ ಆಸ್ಪತ್ರೆ ಸುತ್ತು! ತಲೆ ಚಚ್ಚಿಕೊಳ್ಳೋದೊಂದು ಬಾಕಿ. ಮಂಗಳವಾರ ನಾನೇ ಬದಲಾಯಿಸಿದೆ. ಬುಧವಾರ ನಾನೇ. ಗುರುವಾರ, ಶುಕ್ರವಾರ, ಅದೇ ಕಥೆ. ಮಧ್ಯಾಹ್ನ ಅವರು ಸುತ್ತಿಗೆ ಹಾಕೋದು, ಬೆಳಿಗ್ಗೆ ನಾನು ಬೆಟ್ಟಕ್ಕೆ ಹಾಕೋದು. ಮನೆಯಲ್ಲಿ ಇಬ್ಬರೂ ಈ ಮಾತೇ ಎತ್ತಲಿಲ್ಲ. ಟಿವಿಗೆ ಗೇಮ್ ಜೋಡಿಸಿದ್ದೂ ಇಲ್ಲ.

ಕೊನೇ ದಿನ, ಶನಿವಾರ, ಹಲಗೆ ಮುಂದೆ ಹೋದೆ. ಸುತ್ತಿನ ಮೊಳೆಯಲ್ಲಿ ಬೇರೆ ಯಾರದೋ ಬಿಲ್ಲೆ. ಬೆಟ್ಟದ ಮೊಳೆ ನೋಡಿದೆ, ಅದು ಖಾಲಿ. ಗೊರಕೆಯ ಬಿಲ್ಲೆ ಬೇರೆ ರೂಟಲ್ಲಿತ್ತು. ನನ್ನದು ಎಲ್ಲೂ ಇಲ್ಲ. ಐದು ಡ್ಯೂಟಿ ಮಾಡಿದೀನಿ, ಆರನೇದಕ್ಕೆ ನನ್ನನ್ನ ಹಲಗೆಯಿಂದಲೇ ತೆಗೆದುಬಿಟ್ಟರಾ? "ರೀ!" ಅಂತ ಕೂಗಿದ್ದಕ್ಕೆ ವರ್ಕ್‌ಶಾಪಿನವರೂ ತಿರುಗಿ ನೋಡಿದ್ರು.

ಅವರು ಕೋಣೆಯಿಂದ ಹೊರಗೆ ಬಂದ್ರು. ನನಗಿಂತ ಮೊದಲೇ ಬಂದಿದ್ರು ಅಂತ ಕಾಣುತ್ತೆ. ಮುಷ್ಟಿ ಬಿಚ್ಚಿ ಮುಂದೆ ಹಿಡಿದ್ರು. ಒಳಗೆ ಅರವತ್ತನಾಲ್ಕು.

"ಆ ಮೊಳೆಗೆ ಹಾಕೋಕೆ ನನಗೆ ಕೈ ಏಳ್ತಿಲ್ಲ ಕಣೇ. ಸುತ್ತಿಗೆ ಹಾಕೋಕೆ ಮುಖ ಇಲ್ಲ. ನಿನ್ನ ಬಿಲ್ಲೆ, ನೀನೇ ಇಟ್ಟುಕೋ. ಇನ್ನು ಮೇಲೆ ನೀನೇ ಹಾಕು."

ತಗಡು ಬಿಸಿಯಾಗಿತ್ತು. ಎಷ್ಟು ಹೊತ್ತಿಂದ ಹಿಡಿದುಕೊಂಡು ಕೂತಿದ್ರೋ. ನಾನು ಅದನ್ನ ಬೆಟ್ಟದ ಮೊಳೆಗೆ ಹಾಕಿ ಹೊರಟೆ. ಸಂಜೆ ಮ್ಯಾನೇಜರು ಶಿಫಾರಸು ಬರೆದು ಸಹಿ ಹಾಕಿದ್ರು. ಆರು ದಿನಕ್ಕೆ ಆರು ವರ್ಷದ ಸಿಟ್ಟು ಇಳಿಯಲ್ಲ, ಅದನ್ನ ಅವರಿಗೂ ಹೇಳಿದೀನಿ. ಆದರೆ ಅವತ್ತು ಎಂಟನೇ ತಿರುವು ಬಂದಾಗ ನನಗೆ ಗೊತ್ತಿಲ್ಲದ ಹಾಗೆ ಕೈ ಮೊದಲೇ ಎರಡನೇ ಗೇರಿಗೆ ಹೋಗಿತ್ತು.