ಕೂಡಿಕೊಂಡ ದವಡೆ

ಕೋವಿಡ್ ಅಲೆಗಳು ತಗ್ಗಿದ ಮರುವರ್ಷ. ನಾನಾಗ ಬಸವೇಶ್ವರನಗರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಹಿರಿಯ ರೇಡಿಯೋಗ್ರಾಫರ್ ಆಗಿದ್ದೆ. ರೋಗಿಯನ್ನು ಸಿಟಿ ಯಂತ್ರದಲ್ಲಿ ಮಲಗಿಸಿ, ಎಕ್ಸ್‌-ರೇಯಿಂದ ದೇಹವನ್ನು ಪದರ ಪದರವಾಗಿ ಚಿತ್ರಿಸುವುದು ನನ್ನ ಕೆಲಸ.

ಒಂದು ಭಾನುವಾರ ಬೆಳಿಗ್ಗೆ, ಕುರುಬರಹಳ್ಳಿಯಲ್ಲಿದ್ದ ಶಾಲಿನಿ ಎಂಬ ಪಳೆಯುಳಿಕೆ ಸಂಶೋಧಕಿ ರಗ್ಗಿನಲ್ಲಿ ಸುತ್ತಿದ ಕಲ್ಲೊಂದನ್ನು ಆಟೋದಲ್ಲಿ ತಂದರು. ದಾಮೋದರ ಕಣಿವೆಯ ಕಲ್ಲು, ಹದಿನೆಂಟು ಕೆ.ಜಿ. ಒಳಗೆ ಪ್ರೊಟೆರೋಸೂಕಸ್ ಎಂಬ ಮೊಸಳೆಯಂಥ ಪ್ರಾಣಿಯ ತಲೆಯಿದೆ ಎಂಬುದು ಅವರ ಊಹೆ. ಹೊರಗೆ ಕಾಣುತ್ತಿದ್ದದ್ದು ಉಗುರಿನಷ್ಟು ಮೂಳೆ ಮಾತ್ರ.

"ಉಳಿ ಇಲ್ಲಿ ಇಡೋಣ ಅಂತಿದೀನಿ, ಆದ್ರೆ ಖಾತ್ರಿ ಇಲ್ಲ ಸಾರ್. ತಪ್ಪು ಕಡೆ ಒಂದೇಟು ಬಿದ್ರೆ ಮುಗೀತು," ಎಂದರು.

ರೋಗಿಗಳು ಬರುವವರೆಗೆ ಒಂದು ಗಂಟೆ ಯಂತ್ರ ಬಳಸಲು ಸೆಂಟರಿನ ಡಾಕ್ಟರು ಒಪ್ಪಿದ್ದರು. ಮೊದಲ ಸ್ಕ್ಯಾನಿನಲ್ಲಿ ಕಲ್ಲು ಬರೀ ಬಿಳಿ ಮುದ್ದೆಯಾಗಿ ಕಂಡಿತು. ವೋಲ್ಟೇಜ್ ಹೆಚ್ಚಿಸಿದೆ. ಆಗಲೂ ಅಷ್ಟೇ. ಮೂರನೆಯ ಸಲಕ್ಕೆ ಎಕ್ಸ್‌-ರೇ ಹೊರಡಿಸುವ ಟ್ಯೂಬ್ ಕಾದು ಯಂತ್ರ ನಿಂತೇಬಿಟ್ಟಿತು. ತಣಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಶಾಲಿನಿ ಕಲ್ಲನ್ನು ಮತ್ತೆ ಸುತ್ತಿಕೊಳ್ಳಲು ರಗ್ಗು ಬಿಡಿಸತೊಡಗಿದರು.

"ಇರಿ ಮೇಡಂ, ಇನ್ನೊಂದ್ಸಲ ನೋಡೋಣ," ಎಂದೆ.

ಮೂಳೆಗೆ ಸ್ಟೀಲ್ ರಾಡ್ ಹಾಕಿಸಿಕೊಂಡವರಿಗೆಂದೇ ಒಂದು ಸೆಟ್ಟಿಂಗ್ ಇದೆ. ತೀರಾ ಗಟ್ಟಿ ವಸ್ತುಗಳ ನಡುವಿನ ವ್ಯತ್ಯಾಸವನ್ನೂ ಅದು ತೋರಿಸುತ್ತದೆ. ಅದನ್ನು ಹಾಕಿದೆ.

ಬಿಳುಪಿನೊಳಗಿಂದ ಹಲ್ಲುಗಳು ಸಾಲಾಗಿ ಮೂಡಿದವು. ಆಮೇಲೆ ಕೊಕ್ಕೆಯಂತೆ ಕೆಳಕ್ಕೆ ಬಾಗಿದ ಮೂತಿ. ಶಾಲಿನಿ ಉಳಿ ಇಡಬೇಕೆಂದಿದ್ದ ಜಾಗದಿಂದ ಎರಡೇ ಬೆರಳು ಕೆಳಗೆ!

"ಸುಮಾರು ಇಪ್ಪತ್ತೈದು ಕೋಟಿ ವರ್ಷ ಸಾರ್," ಎಂದರು ಅವರು ಪಿಸುದನಿಯಲ್ಲಿ. "ಭೂಮಿ ಮೇಲಿನ ಜೀವಿಗಳಲ್ಲಿ ಬಹುಪಾಲು ಸತ್ತುಹೋದ್ಮೇಲೆ ಬದುಕಿದ್ದು ಇದು."

ನನ್ನ ಕಣ್ಣು ಕೆಳದವಡೆಯಲ್ಲೇ ನೆಟ್ಟಿತ್ತು. ಎಡಗಡೆ ಒಂದು ಗಂಟು. ಬೈಕಿನಿಂದ ಬಿದ್ದು ದವಡೆ ಮುರಿದುಕೊಂಡವರು ತಿಂಗಳುಗಳ ನಂತರ ಬಂದಾಗ ಇಂಥ ಗಂಟನ್ನು ಎಷ್ಟೋ ಸಲ ನೋಡಿದ್ದೆ.

"ಮೇಡಂ, ಇದು ಮುರಿದಿತ್ತು. ಆಮೇಲೆ ಕೂಡ್ಕೊಂಡಿದೆ."

"ಅಂದ್ರೆ?"

"ದವಡೆ ಮುರಿದ ಮೇಲೂ ಹೇಗೋ ತಿಂದಿದೆ. ಇಷ್ಟು ಕೂಡ್ಕೋಬೇಕಾದ್ರೆ ತಿಂಗಳುಗಟ್ಟಲೆ ಬದುಕಿರ್ಬೇಕು."

ಡಾಕ್ಟರನ್ನು ಕೂಗಿ ಕರೆದೆ. ಅವರೂ ಬಂದು ನೋಡಿ ಹೌದೆಂದರು. ಹೊರಗೆ ಮೊದಲ ರೋಗಿ ಕಾಯುತ್ತಿದ್ದುದು ಮೂವರಿಗೂ ಸ್ವಲ್ಪ ಹೊತ್ತು ಮರೆತೇಹೋಗಿತ್ತು.

ಶಾಲಿನಿ ಇನ್ನೊಂದು ಬದಿಯಿಂದ ಕಲ್ಲು ಬಿಡಿಸಿದರು. ಹದಿನಾಲ್ಕು ತಿಂಗಳು ಹಿಡಿಯಿತು. ಒಂದು ಹಲ್ಲೂ ಮುಕ್ಕಾಗಲಿಲ್ಲ.

ಮುರಿದದ್ದನ್ನು ಹುಡುಕುವುದೇ ನನ್ನ ಕೆಲಸ ಎಂದು ಮೂವತ್ತೊಂದು ವರ್ಷ ಅಂದುಕೊಂಡಿದ್ದೆ. ಆ ಭಾನುವಾರದ ನಂತರ, ನಿವೃತ್ತನಾಗುವವರೆಗೂ, ಡಾಕ್ಟರಿಗೆ ಕಳಿಸುವ ಚಿತ್ರಗಳಲ್ಲಿ ಹಳೆಯ ಮುರಿತ ಕೂಡಿಕೊಂಡ ಜಾಗಕ್ಕೂ ಒಂದು ಬಾಣದ ಗುರುತು ಹಾಕುತ್ತಿದ್ದೆ. ಅದೂ ಆ ದೇಹ ಮಾಡಿದ ಕೆಲಸ.